ಮಡಿಲು ತುಂಬಲು ದಾರಿ ಹಲವು

ಮದುವೆಯಾಗಿ ವರ್ಷ ತುಂಬುವುದರೊಳಗೆ ಹೊಸ ಸೊಸೆಯನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಏನಾದರೂ ವಿಶೇಷ ಇದೆಯಾ?’ ಎರಡನೆಯ ವರ್ಷ ಆ ಪ್ರಶ್ನೆಯ ದನಿ ಬದಲಾಗುತ್ತದೆ. ಮೂರನೆಯ ವರ್ಷಕ್ಕೆ ಪ್ರಶ್ನೆ ನಿಂತು ಪಿಸುಮಾತು ಶುರುವಾಗುತ್ತದೆ. ಸೀಮಂತಕ್ಕೆ, ತೊಟ್ಟಿಲ ಶಾಸ್ತ್ರಕ್ಕೆ ಆಕೆಯನ್ನು ಕರೆಯುವುದೋ ಬೇಡವೋ ಎಂದು ಹಿರಿಯರು ಯೋಚಿಸತೊಡಗುತ್ತಾರೆ. ಘಾಟಿ ಸುಬ್ರಹ್ಮಣ್ಯಕ್ಕೋ ಕುಕ್ಕೆಗೋ ಹರಕೆ ಹೊರುವುದು, ಅಶ್ವತ್ಥಕಟ್ಟೆ ಸುತ್ತುವುದು ನಡೆಯುತ್ತದೆ. ಇಷ್ಟೆಲ್ಲ ನಡೆಯುವಾಗ ಗಂಡನಾದವನು ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಂಡನೇ ಎಂದು ಕೇಳುವವರು ಮಾತ್ರ ಅಪರೂಪ.

ಇದಕ್ಕೆ ಭಾಷೆಯೇ ಸಾಕ್ಷಿ. ‘ಬಂಜೆ’ ಎಂಬ ಮಾತು ಕನ್ನಡದಲ್ಲಿ ಉಂಟು. ಅದು ಹೆಣ್ಣಿಗೆ ಮಾತ್ರ. ಮಕ್ಕಳಾಗದ ಗಂಡಸಿಗೆ ಅಷ್ಟು ಸುಲಭವಾಗಿ ನಾಲಗೆಯ ತುದಿಗೆ ಬರುವ ಹೆಸರಿಲ್ಲ. ಆದರೆ ವೈದ್ಯರ ಅನುಭವ ಹೇಳುವುದೇ ಬೇರೆ. ಮಕ್ಕಳಾಗದೆ ಬಂದ ದಂಪತಿಗಳನ್ನು ಪರೀಕ್ಷಿಸಿದಾಗ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಿನ ಪಾಲೂ ಇರುತ್ತದೆ. ಕೆಲವೊಮ್ಮೆ ತೊಂದರೆ ಅವನೊಬ್ಬನಲ್ಲೇ, ಕೆಲವೊಮ್ಮೆ ಇಬ್ಬರಲ್ಲೂ.

ದ್ವಿತೀಯ ಪಿಯುಸಿಯಲ್ಲಿ ಜೀವಶಾಸ್ತ್ರ ಓದುವ ಹುಡುಗ ಹುಡುಗಿಯರಿಗೆ ಐವಿಎಫ್, ಐಯುಐ, ಇಕ್ಸಿ, ಗಿಫ್ಟ್, ಜಿಫ್ಟ್ ಎಂಬ ಹೆಸರುಗಳು ಬಾಯಿಪಾಠ. ಪರೀಕ್ಷೆಯಲ್ಲಿ ಒಂದೆರಡು ಅಂಕ ಈ ಅಕ್ಷರಗಳಿಂದ ಬರುವುದೂ ಉಂಟು. ಆದರೆ ಅದೇ ಮನೆಯ ಅಕ್ಕನಿಗೋ ಚಿಕ್ಕಮ್ಮನಿಗೋ ಚಿಕಿತ್ಸೆ ನಡೆಯುವಾಗ ಅದು ಯಾವುದು, ಏಕೆ ಎಂದು ಬಾಯಿಬಿಟ್ಟು ಕೇಳುವ ವಾಡಿಕೆ ಇಲ್ಲ. ಪಠ್ಯಪುಸ್ತಕದಲ್ಲಿ ಈ ವಿಧಾನಗಳೆಲ್ಲ ಒಂದರ ಪಕ್ಕ ಒಂದು ಸಾಲಾಗಿ ನಿಂತಿರುತ್ತವೆ. ಅಂಗಡಿಯಲ್ಲಿಟ್ಟ ಸಾಮಾನಿನಂತೆ ಯಾವುದನ್ನು ಬೇಕಾದರೂ ಆರಿಸಿಕೊಳ್ಳಬಹುದೇನೋ ಎನಿಸುತ್ತದೆ. ವಾಸ್ತವ ಹಾಗಿಲ್ಲ. ಒಂದೊಂದು ಚಿಕಿತ್ಸೆಯೂ ಒಂದೊಂದು ತೊಡಕನ್ನು ಬಿಡಿಸಲೆಂದೇ ಹುಟ್ಟಿದ್ದು. ಬೀಗ ಯಾವುದೆಂದು ನೋಡದೆ ಬೀಗದಕೈ ಹಾಕಿ ತಿರುಗಿಸಿದರೆ ಬಾಗಿಲು ತೆರೆಯುವುದಿಲ್ಲ. ಹಣವೂ ಹೋಗುತ್ತದೆ, ಅದಕ್ಕಿಂತ ಮುಖ್ಯವಾಗಿ ಕಾಲವೂ ಹೋಗುತ್ತದೆ.

ಎಷ್ಟು ದಿನ ಕಾಯಬೇಕು?

ಯಾವ ತಡೆಯನ್ನೂ ಬಳಸದೆ ಕೂಡಿ ಬಾಳುವ ದಂಪತಿಗಳಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಒಂದು ವರ್ಷದೊಳಗೆ ಗರ್ಭ ನಿಲ್ಲುತ್ತದೆ. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆ ಹನ್ನೆರಡು ತಿಂಗಳನ್ನು ಗಡಿಯಾಗಿ ಇಟ್ಟುಕೊಂಡಿದೆ. ಅಷ್ಟಾದರೂ ಗರ್ಭ ನಿಲ್ಲದಿದ್ದರೆ ಅದನ್ನು ಬಂಜೆತನ ಎಂದು ಗುರುತಿಸಿ ತಪಾಸಣೆ ಆರಂಭಿಸುವುದು ಕ್ರಮ. ಹೆಣ್ಣಿನ ವಯಸ್ಸು 35 ದಾಟಿದ್ದರೆ ವರ್ಷ ಕಾಯುವುದು ಸಲ್ಲ. ಆರು ತಿಂಗಳಿಗೇ ವೈದ್ಯರನ್ನು ಕಾಣಬೇಕು. ಮುಟ್ಟು ತಿಂಗಳುಗಟ್ಟಲೆ ಬಾರದಿದ್ದರೆ, ಹಿಂದೆ ಕ್ಷಯ ಆಗಿದ್ದರೆ, ಅಂಡಾಶಯಕ್ಕೆ ಶಸ್ತ್ರಚಿಕಿತ್ಸೆ ಆಗಿದ್ದರೆ ಅಷ್ಟೂ ಕಾಯಬೇಕಿಲ್ಲ.

ಇದು ವಿರಳ ಕಾಯಿಲೆಯೇನೂ ಅಲ್ಲ. ಜಗತ್ತಿನಲ್ಲಿ ಆರು ಮಂದಿಯಲ್ಲಿ ಒಬ್ಬರು ಬದುಕಿನ ಯಾವುದಾದರೂ ಘಟ್ಟದಲ್ಲಿ ಈ ತೊಂದರೆಯನ್ನು ಎದುರಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿತು. ಬಡ ದೇಶ, ಶ್ರೀಮಂತ ದೇಶ ಎಂಬ ಭೇದ ಇದರಲ್ಲಿ ಹೆಚ್ಚಾಗಿ ಕಾಣಲಿಲ್ಲ.

ಬಸಿರು ನಿಲ್ಲಬೇಕಾದರೆ ನಾಲ್ಕು ಕೆಲಸಗಳು ಸರಿಯಾಗಿ ನಡೆಯಬೇಕು. ಅಂಡಾಶಯದಿಂದ ಅಂಡಾಣು ಬಿಡುಗಡೆಯಾಗಬೇಕು. ಅದು ಅಂಡನಾಳದೊಳಗೆ ಸಾಗುವ ದಾರಿ ತೆರೆದಿರಬೇಕು. ಅಲ್ಲಿ ಅದಕ್ಕೆ ಸಾಕಷ್ಟು ಚುರುಕಾದ ವೀರ್ಯಾಣುಗಳು ಎದುರಾಗಬೇಕು. ಹೀಗೆ ಕೂಡಿ ಆದ ಭ್ರೂಣ ಗರ್ಭಕೋಶದ ಒಳಪದರದಲ್ಲಿ ಬೇರೂರಿ ಬೆಳೆಯಬೇಕು. ತೊಡಕು ಇವುಗಳಲ್ಲಿ ಎಲ್ಲಿದೆ ಎಂದು ತಿಳಿಯಲು ಮೊದಲ ಸುತ್ತಿನ ಪರೀಕ್ಷೆಗಳು ಸರಳವೇ: ರಕ್ತದಲ್ಲಿ ಹಾರ್ಮೋನುಗಳ ಮಟ್ಟ, ಅಲ್ಟ್ರಾಸೌಂಡ್, ಅಂಡನಾಳಕ್ಕೆ ಬಣ್ಣ ಹಾಯಿಸಿ ತೆಗೆಯುವ ಎಕ್ಸ್‌ರೇ ಮತ್ತು ಗಂಡನ ವೀರ್ಯಪರೀಕ್ಷೆ. ಇವುಗಳಲ್ಲಿ ಅತ್ಯಂತ ಸುಲಭದ್ದೂ ನೋವಿಲ್ಲದ್ದೂ ಕೊನೆಯದು. ಅದೇ ಎಲ್ಲಕ್ಕಿಂತ ತಡವಾಗಿ ನಡೆಯುವುದು ಎಷ್ಟೋ ಮನೆಗಳ ಕಥೆ.

ಅಂಡಾಣು ಹೊರಬಾರದಿದ್ದಾಗ

ತಿಂಗಳಿಗೊಮ್ಮೆ ಅಂಡಾಣು ಬಿಡುಗಡೆಯಾಗದಿರುವುದು ಸಾಮಾನ್ಯ ಕಾರಣಗಳಲ್ಲೊಂದು. ಇವರಲ್ಲಿ ಹೆಚ್ಚಿನವರದು ಪಿಸಿಓಎಸ್ ಎಂದು ಕಾಲೇಜು ಹುಡುಗಿಯರಿಗೂ ಪರಿಚಿತವಾಗಿರುವ ತೊಂದರೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವುದು, ಮುಖದ ಮೇಲೆ ಮೊಡವೆ, ಗಲ್ಲದಲ್ಲಿ ಕೂದಲು, ತೂಕ ಏರುವುದು ಇದರ ಚಿಹ್ನೆಗಳು. ‘ಮದುವೆಯಾದರೆ ಎಲ್ಲ ಸರಿಹೋಗುತ್ತದೆ’ ಎಂದು ತಾಯಂದಿರು ಇದನ್ನು ತಳ್ಳಿಹಾಕುವುದುಂಟು. ಅದು ಸರಿಯಲ್ಲ. ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವವೂ ಇಂಥವರಲ್ಲಿ ಹೆಚ್ಚು.

ಇದಕ್ಕೆ ದುಬಾರಿ ಚಿಕಿತ್ಸೆ ಮೊದಲ ಮೆಟ್ಟಿಲಲ್ಲ. ತೂಕ ಹೆಚ್ಚಿರುವವರು ಅದರಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟನ್ನು ಇಳಿಸಿದರೂ ಸಾಕು, ಕೆಲವರಲ್ಲಿ ಮುಟ್ಟು ತಾನಾಗಿ ಕ್ರಮಕ್ಕೆ ಬರುತ್ತದೆ. ಆಮೇಲಿನದು ಮಾತ್ರೆ. ಕ್ಲೋಮಿಫೀನ್ ಎಂಬ ಔಷಧಿ ಹಲವು ದಶಕಗಳಿಂದ ಬಳಕೆಯಲ್ಲಿದೆ. ಪಿಸಿಓಎಸ್ ಇರುವವರಲ್ಲಿ ಲೆಟ್ರೊಜೋಲ್ ಎಂಬ ಇನ್ನೊಂದು ಮಾತ್ರೆ ಅದಕ್ಕಿಂತ ಹೆಚ್ಚು ಫಲ ಕೊಡುತ್ತದೆಂದು 2014ರಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗವೊಂದು ತೋರಿಸಿತು. ತಿಂಗಳಿಗೆ ಐದು ದಿನ ನುಂಗುವ ಮಾತ್ರೆಯಿಂದಲೇ ಎಷ್ಟೋ ಮಂದಿಯ ಮನೆಯಲ್ಲಿ ತೊಟ್ಟಿಲು ಕಟ್ಟಿದೆ. ಮಾತ್ರೆಗೆ ಜಗ್ಗದಿದ್ದರೆ ಹಾರ್ಮೋನು ಚುಚ್ಚುಮದ್ದು. ಇದು ಅಂಡಾಶಯ ವಿಪರೀತ ಊದಿಕೊಳ್ಳದಂತೆ ಅಲ್ಟ್ರಾಸೌಂಡಿನಲ್ಲಿ ನೋಡುತ್ತಲೇ ಕೊಡಬೇಕಾದ ಔಷಧಿ.

ನಾಳ ಮುಚ್ಚಿದ್ದಾಗ

ಅಂಡನಾಳದ ಒಳದಾರಿ ಬಹಳ ಕಿರಿದು. ಸೋಂಕು ತಗುಲಿದರೆ ಅದು ಅಂಟಿಕೊಂಡು ಮುಚ್ಚಿಹೋಗುತ್ತದೆ. ಭಾರತದಲ್ಲಿ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಕ್ಷಯ. ಕ್ಷಯವೆಂದರೆ ಕೆಮ್ಮು, ಕಫ ಎಂದೇ ಜನ ತಿಳಿದಿದ್ದಾರೆ. ಅದೇ ರೋಗಾಣು ಸದ್ದಿಲ್ಲದೆ ಅಂಡನಾಳವನ್ನೂ ಗರ್ಭಕೋಶದ ಒಳಪದರವನ್ನೂ ಸೇರಬಲ್ಲದು. ಮಕ್ಕಳಾಗದಿರುವುದೇ ಅದರ ಮೊದಲ ಚಿಹ್ನೆಯಾಗಿರಬಹುದು. ಆರು ತಿಂಗಳ ಔಷಧಿಯಿಂದ ರೋಗ ವಾಸಿಯಾಗುತ್ತದೆ. ಆದರೆ ಕೆಟ್ಟುಹೋದ ನಾಳ ಮತ್ತೆ ತೆರೆಯುವುದೆಂಬ ಭರವಸೆ ಇಲ್ಲ.

ಐವಿಎಫ್ ಹುಟ್ಟಿದ್ದೇ ಈ ಮುಚ್ಚಿದ ನಾಳದ ಸಮಸ್ಯೆಯನ್ನು ಬಿಡಿಸಲು. ಇಂಗ್ಲೆಂಡಿನ ಲೆಸ್ಲಿ ಬ್ರೌನ್ ಎಂಬ ಮಹಿಳೆಯ ಎರಡೂ ನಾಳಗಳು ಮುಚ್ಚಿದ್ದವು. ಒಂಬತ್ತು ವರ್ಷ ಕಾದರೂ ಮಕ್ಕಳಾಗಿರಲಿಲ್ಲ. ಶರೀರವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್, ಪ್ರಸೂತಿ ತಜ್ಞ ಪ್ಯಾಟ್ರಿಕ್ ಸ್ಟೆಪ್ಟೊ ಮತ್ತು ಪ್ರಯೋಗಾಲಯವನ್ನು ನಡೆಸುತ್ತಿದ್ದ ಜೀನ್ ಪರ್ಡಿ ಸೇರಿ ಆಕೆಯ ಅಂಡಾಣುವನ್ನು ಹೊರತೆಗೆದರು. ಗಾಜಿನ ತಟ್ಟೆಯಲ್ಲಿ ಗಂಡನ ವೀರ್ಯಾಣುವಿನೊಂದಿಗೆ ಕೂಡಿಸಿ, ಬೆಳೆಯತೊಡಗಿದ ಭ್ರೂಣವನ್ನು ನೇರವಾಗಿ ಗರ್ಭಕೋಶಕ್ಕೆ ಬಿಟ್ಟರು. ಕೆಟ್ಟ ರಸ್ತೆಯನ್ನು ಬಿಟ್ಟು ಬಳಸುದಾರಿ ಹಿಡಿದಂತೆ. 1978ರ ಜುಲೈ 25ರಂದು ಓಲ್ಡ್‌ಹ್ಯಾಮ್ ಆಸ್ಪತ್ರೆಯಲ್ಲಿ ಹುಟ್ಟಿದ ಲೂಯಿಸ್ ಬ್ರೌನ್ ಜಗತ್ತಿನ ಮೊದಲ ‘ಪ್ರನಾಳ ಶಿಶು’ ಎನಿಸಿದಳು. ಪ್ರನಾಳದಲ್ಲಿ ಮಗು ಬೆಳೆದದ್ದಲ್ಲ. ಕೆಲವೇ ದಿನ ತಟ್ಟೆಯಲ್ಲಿದ್ದು, ಉಳಿದೆಲ್ಲ ಕಾಲ ತಾಯಿಯ ಹೊಟ್ಟೆಯಲ್ಲೇ ಇತ್ತು. ಎಡ್ವರ್ಡ್ಸ್ ಅವರಿಗೆ 2010ರಲ್ಲಿ ನೊಬೆಲ್ ಬಂತು. ಅಷ್ಟು ಹೊತ್ತಿಗೆ ಸ್ಟೆಪ್ಟೊ ಮತ್ತು ಪರ್ಡಿ ತೀರಿಹೋಗಿದ್ದರು.

2018ರ ವೇಳೆಗೆ ಈ ವಿಧಾನಗಳಿಂದ ಹುಟ್ಟಿದ ಮಕ್ಕಳ ಸಂಖ್ಯೆ ಜಗತ್ತಿನಲ್ಲಿ 80 ಲಕ್ಷ ಮುಟ್ಟಿತೆಂದು ಅಂದಾಜು. ಪಠ್ಯದಲ್ಲಿ ಓದುವ ಗಿಫ್ಟ್, ಜಿಫ್ಟ್ ವಿಧಾನಗಳಲ್ಲಿ ಅಂಡಾಣುವನ್ನೋ ಭ್ರೂಣವನ್ನೋ ನಾಳದೊಳಗೇ ಇಡಬೇಕು. ಐವಿಎಫ್ ಸುಧಾರಿಸಿದ ಮೇಲೆ ಇವು ಬಹುಮಟ್ಟಿಗೆ ಬಳಕೆ ತಪ್ಪಿವೆ.

ಗಂಡಿನ ಪಾಲು

ವೀರ್ಯಪರೀಕ್ಷೆಯಲ್ಲಿ ನೋಡುವುದು ವೀರ್ಯಾಣುಗಳ ಸಂಖ್ಯೆ, ಚಲನೆ ಮತ್ತು ಆಕಾರ. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳಷ್ಟು ಹಿಡಿಯುತ್ತದೆ. ಆದ್ದರಿಂದ ಜ್ವರ ಬಂದು ಹೋದ ಮೇಲೆ ಮಾಡಿಸಿದ ಒಂದೇ ಪರೀಕ್ಷೆಯನ್ನು ನಂಬಿ ತೀರ್ಮಾನಕ್ಕೆ ಬರಬಾರದು. ಕೆಲ ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು. ಬೀಡಿ ಸಿಗರೇಟು, ಹೊಗೆಸೊಪ್ಪು, ಅತಿಯಾದ ಕುಡಿತ, ಸದಾ ಬಿಸಿಯ ಬಳಿ ಮಾಡುವ ಕೆಲಸ ಇವೆಲ್ಲ ವೀರ್ಯಾಣುಗಳಿಗೆ ಮಾರಕ. ಜಿಮ್‌ಗೆ ಹೋಗುವ ಯುವಕರು ತಿಳಿಯಲೇಬೇಕಾದ ಸಂಗತಿ ಇನ್ನೊಂದಿದೆ. ತೋಳು ಉಬ್ಬಲೆಂದು ಚುಚ್ಚಿಸಿಕೊಳ್ಳುವ ಸ್ಟೀರಾಯ್ಡ್, ದೇಹದ ಸ್ವಂತ ಹಾರ್ಮೋನು ವ್ಯವಸ್ಥೆಯನ್ನು ಮಲಗಿಸಿ ವೀರ್ಯಾಣು ಉತ್ಪತ್ತಿಯನ್ನೇ ನಿಲ್ಲಿಸಬಲ್ಲದು. ನೋಡಲು ಪೈಲ್ವಾನ, ಪರೀಕ್ಷೆಯಲ್ಲಿ ಸೊನ್ನೆ!

ಕೊರತೆ ಅಲ್ಪವಾಗಿದ್ದರೆ ಐಯುಐ ಎಂಬ ಸರಳ ವಿಧಾನವಿದೆ. ವೀರ್ಯವನ್ನು ತೊಳೆದು, ಚುರುಕಾದ ವೀರ್ಯಾಣುಗಳನ್ನು ಆಯ್ದು, ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ ತೆಳುವಾದ ಕೊಳವೆಯಿಂದ ಗರ್ಭಕೋಶಕ್ಕೆ ಬಿಡುತ್ತಾರೆ. ಅರಿವಳಿಕೆ ಬೇಡ, ಆಸ್ಪತ್ರೆಯಲ್ಲಿ ಉಳಿಯಬೇಕಿಲ್ಲ. ಇದರಿಂದ ಒಂದು ಸಲಕ್ಕೆ ಗರ್ಭ ನಿಲ್ಲುವುದು ನೂರಕ್ಕೆ ಹತ್ತು ಹದಿನೈದು ಮಂದಿಗೆ ಮಾತ್ರ. ಹಾಗಾಗಿ ಮೂರು ನಾಲ್ಕು ಸಲ ಪ್ರಯತ್ನಿಸುವುದುಂಟು. ಆದರೆ ಎರಡೂ ನಾಳ ಮುಚ್ಚಿರುವವರಿಗೆ ಐಯುಐ ಮಾಡಿ ಪ್ರಯೋಜನವಿಲ್ಲ. ಅಂಡಾಣುವಿಗೂ ವೀರ್ಯಾಣುವಿಗೂ ಭೇಟಿಯಾಗುವ ಜಾಗವೇ ಇರುವುದಿಲ್ಲ. ನಾಳದ ಪರೀಕ್ಷೆ ಮಾಡಿಸದೆ ಐಯುಐಗೆ ಹೊರಡಬಾರದು ಎನ್ನುವುದು ಇದಕ್ಕೇ.

ವೀರ್ಯಾಣು ತೀರಾ ಕಡಿಮೆಯಿದ್ದವರಿಗೆ 1992ರವರೆಗೆ ಉಪಾಯವಿರಲಿಲ್ಲ. ಆ ವರ್ಷ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಜಿಯಾನ್‌ಪಿಯೆರೊ ಪಲೆರ್ಮೊ ಮತ್ತು ಸಂಗಡಿಗರು ಹೊಸ ವಿಧಾನವೊಂದನ್ನು ಪ್ರಕಟಿಸಿದರು. ಕೂದಲಿಗಿಂತ ತೆಳುವಾದ ಗಾಜಿನ ಸೂಜಿಯಲ್ಲಿ ಒಂದೇ ಒಂದು ವೀರ್ಯಾಣುವನ್ನು ಹಿಡಿದು ಅಂಡಾಣುವಿನೊಳಗೆ ಚುಚ್ಚಿ ಬಿಡುವುದು. ಇದೇ ಇಕ್ಸಿ. ವೀರ್ಯದಲ್ಲಿ ಒಂದೂ ಕಾಣದಿದ್ದರೆ ಕೆಲವರಲ್ಲಿ ವೃಷಣದಿಂದಲೇ ತೆಗೆಯಬಹುದು. ಲಕ್ಷಾಂತರ ವೀರ್ಯಾಣುಗಳು ಮಾಡಬೇಕಾದ ಕೆಲಸಕ್ಕೆ ಈಗ ಒಂದು ಸಾಕು. ಗಂಡಿನಲ್ಲಿ ತೊಂದರೆ ಇದೆಯೆಂದು ಗೊತ್ತಾದರೆ ಮುಂದೆ ದಾರಿಯಿಲ್ಲ ಎಂಬ ಭಯವೇ ಪರೀಕ್ಷೆಗೆ ಹಿಂಜರಿಯಲು ಕಾರಣವಾಗಿದ್ದರೆ, ಆ ಭಯಕ್ಕೆ ಈಗ ಆಧಾರ ಕಡಿಮೆ.

ನಿಂತ ಗರ್ಭ ಉಳಿಯದಿದ್ದಾಗ

ಬಸಿರಾಗಿಯೂ ಅದು ನಿಲ್ಲದಿದ್ದಾಗ ಆಗುವ ನೋವು ಬೇರೆಯದೇ. ಅದರ ಜೊತೆಗೆ ಸೇರಿಕೊಳ್ಳುವುದು ತಪ್ಪಿನ ಹುಡುಕಾಟ. ಕೊಡ ಎತ್ತಿದಳು, ಬಸ್ಸಿನಲ್ಲಿ ಹೋದಳು, ಪರಂಗಿ ಹಣ್ಣು ತಿಂದಳು, ಕೆಲಸಕ್ಕೆ ಹೋಗುವುದನ್ನು ಬಿಡಲಿಲ್ಲ. ಮನೆಯವರು ಹೇಳದಿದ್ದರೂ ಆಕೆಯೇ ಮನಸ್ಸಿನಲ್ಲಿ ಇದನ್ನೆಲ್ಲ ಹೇಳಿಕೊಳ್ಳುತ್ತಾಳೆ.

ವಿಜ್ಞಾನದ ಉತ್ತರ ಬೇರೆ. ಗರ್ಭಿಣಿ ಎಂದು ಖಚಿತವಾದ ನೂರು ಮಂದಿಯಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ ಗರ್ಭಪಾತ ಆಗುತ್ತದೆ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಅರ್ಧ ಅಥವಾ ಅದಕ್ಕೂ ಹೆಚ್ಚಿನವಕ್ಕೆ ಕಾರಣ ಭ್ರೂಣದ ವರ್ಣತಂತುಗಳ ಲೆಕ್ಕ ತಪ್ಪಿರುವುದು. 46 ಇರಬೇಕಾದ ಕಡೆ 45 ಅಥವಾ 47. ಹೈಸ್ಕೂಲಿನಲ್ಲಿ ಓದುವ ಕೋಶವಿಭಜನೆಯ ಹಂತದಲ್ಲಿ, ಗರ್ಭ ನಿಲ್ಲುವ ಮುಂಚೆಯೇ ಆಗಿಹೋದ ತಪ್ಪು ಅದು. ಹೊತ್ತ ಕೊಡಕ್ಕೂ ತಿಂದ ಹಣ್ಣಿನ ಹೋಳಿಗೂ ಅದರ ಜೊತೆ ಸಂಬಂಧವಿಲ್ಲ. ಒಂದು ಸಲ ಗರ್ಭಪಾತವಾದವರಲ್ಲಿ ಹೆಚ್ಚಿನವರು ಯಾವ ಚಿಕಿತ್ಸೆಯೂ ಇಲ್ಲದೆ ಮುಂದಿನ ಸಲ ಹೆರುತ್ತಾರೆ.

ಎರಡು ಮೂರು ಸಲ ಹೀಗಾದರೆ ತಪಾಸಣೆ ಅಗತ್ಯ. ಥೈರಾಯ್ಡ್, ಸಕ್ಕರೆಯ ಮಟ್ಟ, ಗರ್ಭಕೋಶದ ಒಳ ಆಕಾರ, ದಂಪತಿಗಳಿಬ್ಬರ ವರ್ಣತಂತುಗಳು ಇವನ್ನು ನೋಡುತ್ತಾರೆ. ಕೆಲವರ ರಕ್ತದಲ್ಲಿ ಆಂಟಿಫಾಸ್ಫೊಲಿಪಿಡ್ ಎಂಬ ಪ್ರತಿಕಾಯಗಳಿರುತ್ತವೆ. ಅವು ಮಾಸಿನ ಕೆಲಸವನ್ನು ಕೆಡಿಸುತ್ತವೆ. ಅಂಥವರಿಗೆ ಅಲ್ಪ ಪ್ರಮಾಣದ ಆಸ್ಪಿರಿನ್ ಮತ್ತು ಹೆಪಾರಿನ್ ಚುಚ್ಚುಮದ್ದು ಕೊಟ್ಟರೆ ಮಗು ಉಳಿಯುವ ಸಂಭವ ಗಣನೀಯವಾಗಿ ಹೆಚ್ಚುತ್ತದೆ. ನಾಲ್ಕನೆಯ ತಿಂಗಳ ನಂತರ ನೋವಿಲ್ಲದೆ ಗರ್ಭ ಜಾರುವುದು ಗರ್ಭಕೋಶದ ಬಾಯಿ ಸಡಿಲವಾಗಿರುವವರಲ್ಲಿ. ಅದಕ್ಕೆ ಹೊಲಿಗೆ ಹಾಕಿ ಬಿಗಿ ಮಾಡುವ ಉಪಾಯವನ್ನು 1955ರಲ್ಲಿ ಪ್ರಕಟಿಸಿದವರು ಗೋವಾದಲ್ಲಿ ಹುಟ್ಟಿ ಮುಂಬಯಿಯಲ್ಲಿ ಕೆಲಸ ಮಾಡಿದ ಡಾ. ವಿ.ಎನ್. ಶಿರೋಡ್ಕರ್. ಜಗತ್ತಿನ ಆಸ್ಪತ್ರೆಗಳಲ್ಲಿ ಇಂದಿಗೂ ಅದು ‘ಶಿರೋಡ್ಕರ್ ಹೊಲಿಗೆ’.

ಪ್ರೊಜೆಸ್ಟೆರಾನ್ ಎಂಬ ಹಾರ್ಮೋನನ್ನು ಬಸುರಿಯರಿಗೆಲ್ಲ ಬರೆದುಕೊಡುವ ಅಭ್ಯಾಸ ಕೆಲವೆಡೆ ಉಂಟು. ಬ್ರಿಟನ್ನಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದ ಪ್ರಕಾರ, ಅದರ ಲಾಭ ಮುಖ್ಯವಾಗಿ ಹಿಂದೆ ಗರ್ಭಪಾತವಾಗಿದ್ದು ಈ ಸಲವೂ ರಕ್ತ ಕಂಡವರಿಗೆ. ಎಲ್ಲರಿಗೂ ಅಲ್ಲ. ಎಲ್ಲ ಪರೀಕ್ಷೆ ಮಾಡಿದರೂ ಕಾರಣ ಸಿಗದಿರುವುದೂ ಉಂಟು. ಅದು ಕೆಟ್ಟ ಸುದ್ದಿಯಲ್ಲ. ಹಾಗೆ ಕಾರಣ ತಿಳಿಯದವರಲ್ಲಿ, ವಿಶೇಷವಾಗಿ ವಯಸ್ಸು ಚಿಕ್ಕದಾಗಿದ್ದರೆ, ನಾಲ್ವರಲ್ಲಿ ಸುಮಾರು ಮೂವರಿಗೆ ಮುಂದೆ ಮಗುವಾಗುತ್ತದೆ. ಅವರಿಗೆ ಬೇಕಾದ್ದು ಔಷಧಿಗಿಂತ ಹೆಚ್ಚಾಗಿ ಆರೈಕೆ, ಧೈರ್ಯ ಮತ್ತು ಗರ್ಭ ನಿಂತಾಗ ಬೇಗನೆ ಸ್ಕ್ಯಾನ್.

ವಯಸ್ಸಿನ ಲೆಕ್ಕ

ಎಲ್ಲ ಬೀಗಕ್ಕೂ ಒಂದಲ್ಲ ಒಂದು ಬೀಗದಕೈ ಸಿಕ್ಕಿದೆ. ಸಿಗದಿರುವುದು ಒಂದಕ್ಕೆ ಮಾತ್ರ: ಅಂಡಾಣುವಿನ ವಯಸ್ಸು. ಗಂಡಿನಲ್ಲಿ ವೀರ್ಯಾಣು ದಿನದಿನವೂ ಹೊಸದಾಗಿ ತಯಾರಾಗುತ್ತದೆ. ಹೆಣ್ಣುಮಗು ಮಾತ್ರ ತನ್ನ ಬಾಳಿನ ಅಂಡಾಣುಗಳನ್ನೆಲ್ಲ ಹೊತ್ತುಕೊಂಡೇ ಹುಟ್ಟುತ್ತದೆ. ಹುಟ್ಟುವಾಗ ಹತ್ತರಿಂದ ಇಪ್ಪತ್ತು ಲಕ್ಷ, ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ. ಇಡೀ ಜೀವಮಾನದಲ್ಲಿ ಬಿಡುಗಡೆಯಾಗುವುದು ನಾನೂರು ಐನೂರು ಮಾತ್ರ. ಉಳಿದವು ತಾವಾಗಿ ನಶಿಸುತ್ತವೆ. ಐವಿಎಫ್‌ಗೆ ಚುಚ್ಚುಮದ್ದು ಕೊಟ್ಟು ಹತ್ತು ಅಂಡಾಣು ತೆಗೆದರೆ ದಾಸ್ತಾನು ಬೇಗ ಮುಗಿಯುತ್ತದೆಂಬ ಹೆದರಿಕೆ ಹಲವರಿಗಿದೆ. ಹಾಗೇನಿಲ್ಲ. ಆ ತಿಂಗಳು ಹೇಗೂ ನಶಿಸಲಿದ್ದವನ್ನೇ ಔಷಧಿ ಉಳಿಸಿ ಬೆಳೆಸುತ್ತದೆ.

ವಯಸ್ಸಾದಂತೆ ಅಂಡಾಣುಗಳ ಸಂಖ್ಯೆಯ ಜೊತೆಗೆ ಗುಣವೂ ಕುಗ್ಗುತ್ತದೆ. ವರ್ಣತಂತುಗಳ ತಪ್ಪು ಹೆಚ್ಚುತ್ತದೆ. ನಾರ್ವೆ ದೇಶದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗರ್ಭಪಾತದ ಪ್ರಮಾಣ 25ರಿಂದ 29ರ ವಯಸ್ಸಿನವರಲ್ಲಿ ನೂರಕ್ಕೆ 10 ಇದ್ದರೆ, 45 ದಾಟಿದವರಲ್ಲಿ 53 ಇತ್ತು. ಐವಿಎಫ್ ಕೂಡ ಈ ಲೆಕ್ಕವನ್ನು ಮೀರಲಾರದು. ಬ್ರಿಟನ್ನಿನ ನಿಯಂತ್ರಣ ಸಂಸ್ಥೆಯ 2019ರ ಅಂಕಿಅಂಶಗಳಂತೆ 35ಕ್ಕಿಂತ ಕಿರಿಯರಲ್ಲಿ ಗರ್ಭಕೋಶಕ್ಕೆ ಬಿಟ್ಟ ನೂರು ಭ್ರೂಣಗಳಲ್ಲಿ 32 ಮಗುವಾಗಿ ಹುಟ್ಟಿದವು. ಸ್ವಂತ ಅಂಡಾಣುವಿನಿಂದಲೇ ಪ್ರಯತ್ನಿಸಿದ, 43 ಅಥವಾ ಅದಕ್ಕೂ ಹೆಚ್ಚಿನ ವಯಸ್ಸಿನವರಲ್ಲಿ ಈ ಪ್ರಮಾಣ ಐದರ ಆಸುಪಾಸು.

ಗರ್ಭಕೋಶ ಮಾತ್ರ ಇಷ್ಟು ಬೇಗ ಮುದಿಯಾಗುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ಆಂಧ್ರದ ಗುಂಟೂರಿನಲ್ಲಿ 70 ದಾಟಿದ ಮಹಿಳೆಯೊಬ್ಬರು ಅವಳಿ ಹೆಣ್ಣುಮಕ್ಕಳನ್ನು ಹೆತ್ತ ಸುದ್ದಿ ಎಲ್ಲರನ್ನೂ ಬೆರಗುಗೊಳಿಸಿತು. ಅದು ಸಾಧ್ಯವಾದದ್ದು ಬೇರೊಬ್ಬ ಕಿರಿಯ ದಾನಿಯ ಅಂಡಾಣುವಿನಿಂದ. ಆದರೆ ಆ ವಯಸ್ಸಿನಲ್ಲಿ ಹೆರುವುದು ತಾಯಿಯ ಜೀವಕ್ಕೂ ಮಗುವಿನ ಭವಿಷ್ಯಕ್ಕೂ ಒಳ್ಳೆಯದಲ್ಲವೆಂಬ ಆಕ್ಷೇಪ ಆಗಲೇ ಬಂತು. ಎರಡು ವರ್ಷದ ನಂತರ, 2021ರಲ್ಲಿ ಸಂಸತ್ತು ಒಪ್ಪಿದ ಕಾನೂನು ಈ ಚಿಕಿತ್ಸೆಗೆ ಹೆಣ್ಣಿಗೆ 50, ಗಂಡಿಗೆ 55 ವರ್ಷಗಳ ಮಿತಿ ಹಾಕಿತು. ಅಂಡಾಣು ದಾನಿ 23ರಿಂದ 35ರೊಳಗಿನವರಾಗಿರಬೇಕು. ಜೀವನದಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು. ಕಾಲೇಜು ಹುಡುಗಿಯರಿಗೆ ಹಣದ ಆಸೆ ತೋರಿಸಿ ಅಂಡಾಣು ಕೇಳುವುದು ಈ ಕಾನೂನಿನ ಪ್ರಕಾರ ಅಪರಾಧ. ಹುಟ್ಟುವ ಮಗು ಗಂಡೋ ಹೆಣ್ಣೋ ಎಂದು ಆರಿಸುವುದೂ ಅಪರಾಧವೇ.

ಶೈತ್ಯದಲ್ಲಿ ಕಾದಿಟ್ಟ ಜೀವ

ಓದು, ಕೆಲಸ, ಸಂಶೋಧನೆ ಎಂದು ಮದುವೆಯನ್ನು ಮುಂದೂಡುವ ಹೆಣ್ಣುಮಕ್ಕಳು ಇಂದು ಕೇಳುವ ಪ್ರಶ್ನೆ, ಅಂಡಾಣುವನ್ನು ಶೈತ್ಯದಲ್ಲಿ ಇಡಬಹುದೇ ಎಂಬುದು. ಕ್ಯಾನ್ಸರ್ ಚಿಕಿತ್ಸೆಗೆ ಹೋಗುವ ಯುವತಿಯರಿಗಂತೂ ಇದು ಬಹಳ ಮುಖ್ಯ; ಆ ಔಷಧಿಗಳು ಅಂಡಾಶಯವನ್ನು ಸುಟ್ಟುಬಿಡಬಲ್ಲವು. ಶೈತ್ಯೀಕರಣದ ಕಥೆಯಲ್ಲಿ ಭಾರತದ ವೈದ್ಯರೊಬ್ಬರ ಹೆಸರು ಮೊದಲ ಸಾಲಿನಲ್ಲಿದೆ.

ಲೂಯಿಸ್ ಹುಟ್ಟಿದ 70 ದಿನಗಳಿಗೆ, 1978ರ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ‘ದುರ್ಗಾ’ ಎಂಬ ಮಗು ಹುಟ್ಟಿತು. ಆಕೆಯ ತಾಯಿಯದೂ ಮುಚ್ಚಿದ ನಾಳವೇ. ಡಾ. ಸುಭಾಷ್ ಮುಖೋಪಾಧ್ಯಾಯ ಇಬ್ಬರು ಸಹೋದ್ಯೋಗಿಗಳೊಂದಿಗೆ ಹಾರ್ಮೋನು ಕೊಟ್ಟು ಹಲವು ಅಂಡಾಣು ಬೆಳೆಸಿ, ಭ್ರೂಣವನ್ನು 53 ದಿನ ಶೈತ್ಯದಲ್ಲಿಟ್ಟು, ಗರ್ಭಕೋಶ ಸಿದ್ಧವಾದ ಬೇರೊಂದು ತಿಂಗಳಲ್ಲಿ ಒಳಗೆ ಬಿಟ್ಟಿದ್ದರು. ಇಂದು ಜಗತ್ತಿನ ಕೇಂದ್ರಗಳಲ್ಲೆಲ್ಲ ನಡೆಯುವ ಕ್ರಮ ಇದೇ. ಆದರೆ ಅಂದಿನ ಪಶ್ಚಿಮ ಬಂಗಾಳ ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. ಅವರನ್ನು ಕಣ್ಣಿನ ಆಸ್ಪತ್ರೆಯ ವಿಭಾಗಕ್ಕೆ ವರ್ಗ ಮಾಡಲಾಯಿತು. 1981ರ ಜೂನ್ 19ರಂದು ಅವರು ಆತ್ಮಹತ್ಯೆ ಮಾಡಿಕೊಂಡರು.

1986ರ ಆಗಸ್ಟ್ 6ರಂದು ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಮತ್ತು ಡಾ. ಟಿ.ಸಿ. ಆನಂದ್ ಕುಮಾರ್ ಅವರ ಯತ್ನದಿಂದ ಹುಟ್ಟಿದ ಹರ್ಷಾ ಎಂಬ ಮಗು ‘ಭಾರತದ ಮೊದಲ ಪ್ರನಾಳ ಶಿಶು’ ಎಂದು ದಾಖಲಾಯಿತು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ್ದ ಅದೇ ಆನಂದ್ ಕುಮಾರ್ 1997ರಲ್ಲಿ ಮುಖೋಪಾಧ್ಯಾಯರ ಕೈಬರಹದ ಟಿಪ್ಪಣಿಗಳನ್ನು ಓದಿ, ಮೊದಲಿಗರು ತಾವಲ್ಲ, ಅವರೇ ಎಂದು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ತಮಗೆ ಸಂದ ಹೆಗ್ಗಳಿಕೆಯನ್ನು ತಾವೇ ತೀರಿಹೋದವರಿಗೆ ಒಪ್ಪಿಸಿದ ಇಂಥ ನಿದರ್ಶನ ವಿಜ್ಞಾನದಲ್ಲಿ ವಿರಳ.

ಭ್ರೂಣಕ್ಕಿಂತ ಅಂಡಾಣುವನ್ನು ಶೈತ್ಯದಲ್ಲಿಡುವುದು ಕಷ್ಟ. ಅದರೊಳಗಿನ ನೀರು ಹರಳುಗಟ್ಟಿ ಕೋಶವನ್ನು ಒಡೆಯುತ್ತದೆ. ಹರಳಾಗಲು ಬಿಡದಂತೆ ಕ್ಷಣಾರ್ಧದಲ್ಲಿ ಗಾಜಿನಂತೆ ಗಟ್ಟಿ ಮಾಡುವ ವಿಧಾನ ಪಳಗಿದ ಮೇಲೆ, 2012ರಲ್ಲಿ ಅಮೆರಿಕದ ತಜ್ಞರ ಸಂಘ ಇದನ್ನು ‘ಪ್ರಾಯೋಗಿಕ’ ಎಂಬ ಪಟ್ಟಿಯಿಂದ ತೆಗೆಯಿತು. ಆದರೆ ಇದು ಬ್ಯಾಂಕಿನ ಠೇವಣಿಯಂತಲ್ಲ. ಬಡ್ಡಿ ಸೇರುವುದಿಲ್ಲ, ಅಸಲಿಗೂ ಖಾತರಿಯಿಲ್ಲ. ಕರಗಿಸುವಾಗ ಕೆಲವು ಹೋಗುತ್ತವೆ, ಕೆಲವು ಕೂಡುವುದಿಲ್ಲ. ಇಪ್ಪತ್ತರ ಕೊನೆಯಲ್ಲೋ ಮೂವತ್ತರ ಆರಂಭದಲ್ಲೋ ಇಟ್ಟದ್ದಕ್ಕೆ ಇರುವ ಬೆಲೆ ನಲವತ್ತರಲ್ಲಿ ಇಟ್ಟದ್ದಕ್ಕೆ ಇಲ್ಲ.

ಕೇಳಬೇಕಾದ ಪ್ರಶ್ನೆಗಳು

ಐವಿಎಫ್ ಒಂದು ಸುತ್ತಿಗೆ ಖಾಸಗಿ ಕೇಂದ್ರಗಳಲ್ಲಿ ಒಂದು ಲಕ್ಷ ರೂಪಾಯಿ ದಾಟುವುದು ಸಾಮಾನ್ಯ. ಆರೋಗ್ಯ ವಿಮೆ ಎಲ್ಲವೂ ಇದನ್ನು ಕೊಡುವುದಿಲ್ಲ. ಒಡವೆ ಅಡವಿಟ್ಟು, ಜಮೀನು ಮಾರಿ ಬರುವವರಿದ್ದಾರೆ. ಆದ್ದರಿಂದ ಹಣ ಕಟ್ಟುವ ಮುಂಚೆ ಕೆಲವು ಪ್ರಶ್ನೆ ಕೇಳುವುದಕ್ಕೆ ಸಂಕೋಚ ಬೇಡ. ಕೇಂದ್ರ 2021ರ ಕಾನೂನಿನಂತೆ ನೋಂದಣಿಯಾಗಿದೆಯೇ? ತೊಂದರೆ ಎಲ್ಲಿದೆ ಎಂದು ಪತ್ತೆಯಾಗಿದೆಯೇ? ಸರಳ ಚಿಕಿತ್ಸೆ ಸಾಲದು ಏಕೆ? ‘ನೂರಕ್ಕೆ ಇಷ್ಟು ಯಶಸ್ಸು’ ಎನ್ನುವಾಗ ಅದು ಗರ್ಭ ನಿಂತವರ ಲೆಕ್ಕವೋ, ಮಗು ಕೈಗೆ ಬಂದವರ ಲೆಕ್ಕವೋ? ಅದೂ ಯಾವ ವಯಸ್ಸಿನವರದು? ಎಷ್ಟು ಭ್ರೂಣ ಒಳಗೆ ಬಿಡುತ್ತಾರೆ? ಹೆಚ್ಚು ಬಿಟ್ಟರೆ ಹೆಚ್ಚು ಲಾಭವೆಂದಲ್ಲ. ಅವಳಿ, ತ್ರಿವಳಿ ಮಕ್ಕಳು ದಿನ ತುಂಬುವ ಮೊದಲೇ ಹುಟ್ಟಿ ತೊಂದರೆಗೊಳಗಾಗುವುದು ಜಾಸ್ತಿ. ಆದ್ದರಿಂದ ಒಂದೇ ಭ್ರೂಣ ಬಿಡುವ ಕಡೆಗೆ ಈಗ ವೈದ್ಯರ ಒಲವು.

ಎಲ್ಲ ದಾರಿಯೂ ಮುಗಿದರೆ ದತ್ತು ಉಂಟು. ಅದನ್ನು ಸೋಲೆಂದು ಕೊನೆಗೆ ಇಟ್ಟುಕೊಳ್ಳದೆ ಮೊದಲೇ ಮಾತನಾಡಿಕೊಂಡ ದಂಪತಿಗಳು ನೆಮ್ಮದಿಯಾಗಿರುತ್ತಾರೆ. ಯಾವ ಹಂತದಲ್ಲಿ ಸಾಕು ಎನ್ನಬೇಕೆಂಬುದೂ ಅವರಿಬ್ಬರ ತೀರ್ಮಾನ, ಬಂಧುಬಳಗದ್ದಲ್ಲ.

ತಂದೆತಾಯಿಗಳು ಮಗಳ ಮುಟ್ಟಿನ ಏರುಪೇರನ್ನು ಮದುವೆಯವರೆಗೆ ಮುಚ್ಚಿಡದೆ ವೈದ್ಯರಿಗೆ ತೋರಿಸಬೇಕು. ಸೊಸೆಯನ್ನು ಆಸ್ಪತ್ರೆಗೆ ಕಳುಹಿಸುವ ದಿನವೇ ಮಗನನ್ನೂ ಜೊತೆಗೆ ಕಳುಹಿಸಬೇಕು. ಪರೀಕ್ಷೆಗೆಂದು ಈ ಪಾಠ ಓದುವ ಹುಡುಗ ಹುಡುಗಿಯರು ಮನೆಯಲ್ಲಿ ಪಿಸುಮಾತು ಕೇಳಿಬಂದಾಗ ತಿಳಿದಷ್ಟನ್ನು ಬಾಯಿಬಿಟ್ಟು ಹೇಳಬೇಕು. ಒಬ್ಬರ ಮೇಲೊಬ್ಬರು ದೂರು ಹೊರಿಸುತ್ತ ಕಳೆದ ನಾಲ್ಕು ವರ್ಷದಲ್ಲಿ ಮೂವತ್ತೆರಡು ಮೂವತ್ತಾರಾಗಿರುತ್ತದೆ. ಮುಚ್ಚಿದ ನಾಳವನ್ನು ಬಳಸಿ ಹೋಗುವ ದಾರಿ ಸಿಕ್ಕಿದೆ, ಒಂದೇ ವೀರ್ಯಾಣುವಿನಿಂದ ಮಗುವಾಗುವ ದಾರಿ ಸಿಕ್ಕಿದೆ. ಆ ನಾಲ್ಕು ವರ್ಷವನ್ನು ಹಿಂದಕ್ಕೆ ತರುವ ಚಿಕಿತ್ಸೆ ಮಾತ್ರ ಯಾವ ಆಸ್ಪತ್ರೆಯಲ್ಲೂ ಇಲ್ಲ.